ಲಾರಿಯಲ್ಲಿ ಎಲ್ಲ ಬೆರೆಸುತ್ತಾರೆ, ಮತ್ತೆ ನಾವೇಕೆ ಕಸ ಬೇರ್ಪಡಿಸಬೇಕು?

"ನಾವು ಕಷ್ಟಪಟ್ಟು ಹಸಿ, ಒಣ ಅಂತ ಬೇರೆ ಮಾಡಿ ಕೊಡ್ತೀವಿ, ಅವರು ಎಲ್ಲಾನೂ ಒಂದೇ ಗಾಡಿಗೆ ಸುರೀತಾರೆ." ಕಸದ ವಿಷಯ ಬಂದಾಗಲೆಲ್ಲ ಬೆಂಗಳೂರಿನಲ್ಲಿ ಕೇಳಿಬರುವ ಮಾತಿದು. ಇದರ ಜೊತೆಗೆ ಇನ್ನೂ ಕೆಲವು ನಂಬಿಕೆಗಳಿವೆ. ಡಬ್ಬಿಯ ತಳದಲ್ಲಿ ತ್ರಿಕೋನದ ಗುರುತಿದ್ದರೆ ಅದು ಮರುಬಳಕೆ ಆಗಿಯೇ ಆಗುತ್ತದೆ. ಪೇಪರ್ ಎಂದರೆ ಯಾವಾಗಲೂ ಒಳ್ಳೆಯದು. 'ಕಾಂಪೋಸ್ಟಬಲ್' ಚೀಲವನ್ನು ಎಲ್ಲಿ ಎಸೆದರೂ ಮಣ್ಣಾಗುತ್ತದೆ. ಕೊನೆಗೆ ಎಲ್ಲೋ ಒಂದು ಯಂತ್ರ ಎಲ್ಲವನ್ನೂ ಬೇರ್ಪಡಿಸಿಕೊಳ್ಳುತ್ತದೆ.

ಈ ನಂಬಿಕೆಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಕರ್ನಾಟಕದಲ್ಲಿ ಕಸ ವಿಂಗಡಣೆಯ ಬಗ್ಗೆ ಅತಿ ಹೆಚ್ಚು ಚರ್ಚೆ, ಹೋರಾಟ, ಕೋರ್ಟ್ ಕಲಾಪ ನಡೆದಿರುವ ಊರು ಬೆಂಗಳೂರು. ಆದ್ದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಮನೆಯ ಮತ್ತು ಅಂಗಡಿ, ಹೋಟೆಲ್‌ಗಳ ಕಸದ ವಿಚಾರವನ್ನು ಒಂದೊಂದಾಗಿ ನೋಡೋಣ.

ಈ ನಿಯಮ ಬಂದದ್ದು ಹೇಗೆ?

ಕಸ ವಿಂಗಡಣೆ ಇತ್ತೀಚೆಗೆ ಯಾರೋ ಅಧಿಕಾರಿಗಳಿಗೆ ಹೊಳೆದ ಯೋಜನೆಯಲ್ಲ. ಇದರ ಹಿಂದೆ ಕಾಲು ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ನಗರಗಳ ಕಸದ ಬಗ್ಗೆ ಸುಪ್ರೀಂ ಕೋರ್ಟ್‌ನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ನಗರದ ಘನತ್ಯಾಜ್ಯದ ಬಗ್ಗೆ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳು 2000ದಲ್ಲಿ ಬಂದದ್ದು ಆ ಪ್ರಕರಣದ ಫಲವಾಗಿ.

ಕಾಗದದ ಮೇಲೆ ನಿಯಮ ಬಂದರೂ ಬೆಂಗಳೂರು ಮಾತ್ರ ತನ್ನ ಕಸವನ್ನು ಬೆರಕೆಯಾಗಿಯೇ ಲಾರಿಗೆ ತುಂಬಿ ಊರಾಚೆ ಸುರಿಯುತ್ತಿತ್ತು. ಉತ್ತರಕ್ಕೆ ಮಾವಳ್ಳಿಪುರ, ಪೂರ್ವಕ್ಕೆ ಮಂಡೂರು. ಅಲ್ಲಿನ ಜನ ವರ್ಷಗಟ್ಟಲೆ ದುರ್ವಾಸನೆ, ನೊಣ, ಕೆಟ್ಟ ಬಾವಿ ನೀರು ಸಹಿಸಿಕೊಂಡರು. 2012ರಲ್ಲಿ ಮಾವಳ್ಳಿಪುರದ ಹಳ್ಳಿಗರ ಹೋರಾಟದಿಂದ ಆ ಜಾಗ ಮುಚ್ಚಿತು. ಮರುದಿನದಿಂದಲೇ ನಗರದ ಬೀದಿಬೀದಿಯಲ್ಲಿ ಕಸದ ರಾಶಿ ಬಿತ್ತು. ಅದೇ ವರ್ಷದ ಅಕ್ಟೋಬರ್‌ನಿಂದ ಮನೆಯಲ್ಲೇ ಕಸ ಬೇರ್ಪಡಿಸುವುದು ಕಡ್ಡಾಯ ಎಂದು ಬಿಬಿಎಂಪಿ ಘೋಷಿಸಿತು. ಮಂಡೂರಿನವರೂ ಬೀದಿಗಿಳಿದ ಮೇಲೆ 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು.

ಈ ನಡುವೆ ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿತ್ತು. 2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿಗೆ 'ಎರಡು ಡಬ್ಬಿ, ಒಂದು ಚೀಲ' ಪದ್ಧತಿಯನ್ನು ಕಡ್ಡಾಯಗೊಳಿಸಿತು. ಹಸಿ ಕಸಕ್ಕೆ ಹಸಿರು ಡಬ್ಬಿ, ನೈರ್ಮಲ್ಯ ಕಸಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಒಂದು ಚೀಲ. ಮುಂದಿನ ವರ್ಷ, 2016ರ ಏಪ್ರಿಲ್‌ನಲ್ಲಿ, ಕೇಂದ್ರ ಸರ್ಕಾರವೂ ಹಳೆಯ ನಿಯಮಗಳನ್ನು ಬದಲಿಸಿತು. ಕಸ ಹುಟ್ಟುವ ಜಾಗದಲ್ಲೇ ಅದನ್ನು ಕೊಳೆಯುವುದು, ಕೊಳೆಯದ್ದು, ಮನೆಯ ಅಪಾಯಕಾರಿ ಕಸ ಎಂದು ಮೂರು ಭಾಗ ಮಾಡಿ ಕೊಡುವುದು ಪ್ರತಿಯೊಬ್ಬರ ಕರ್ತವ್ಯ ಎಂದು ಹೊಸ ನಿಯಮಗಳು ಹೇಳಿದವು.

ಅಂದರೆ ಈ ನಿಯಮ ಬಂದದ್ದು ನಗರದ ಅಂದಕ್ಕಾಗಿ ಅಲ್ಲ. ನಮ್ಮ ಕಸದ ಪಾಲನ್ನು ಬೇರೆ ಯಾರೋ ಹಳ್ಳಿಯವರು ಉಣ್ಣಬೇಕಾಗಿ ಬಂದದ್ದರಿಂದ.

ಬೆರೆತರೆ ಆಗುವ ನಷ್ಟವೇನು?

ನಮ್ಮ ಊರುಗಳ ಮನೆಯ ಕಸದಲ್ಲಿ ತೂಕದ ಲೆಕ್ಕದಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗ ಹಸಿ ಕಸ. ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಸಾರಿನ ಚರಟ, ಹೂವು, ಕಾಫಿಪುಡಿ, ಮೊಟ್ಟೆ ಚಿಪ್ಪು, ಮೂಳೆ. ಇದರಲ್ಲಿ ನೀರಿನ ಅಂಶ ಬಹಳ. ಗಾಳಿಯಾಡುವಂತೆ ರಾಶಿ ಹಾಕಿ ಆಗಾಗ ತಿರುವಿದರೆ ಸೂಕ್ಷ್ಮಜೀವಿಗಳು ಇದನ್ನು ಗೊಬ್ಬರ ಮಾಡುತ್ತವೆ. ಆಗ ರಾಶಿಯ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತದೆ, ಆ ಬಿಸಿಗೆ ರೋಗಾಣುಗಳೂ ಕಳೆಗಳ ಬೀಜಗಳೂ ಸಾಯುತ್ತವೆ.

ಅದೇ ಹಸಿ ಕಸವನ್ನು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಹತ್ತಾರು ಅಡಿ ಕಸದ ಕೆಳಗೆ ಹೂತರೆ ಅದಕ್ಕೆ ಗಾಳಿ ಸಿಗುವುದಿಲ್ಲ. ಗಾಳಿಯಿಲ್ಲದೆ ಬದುಕುವ ಬೇರೆ ಬಗೆಯ ಸೂಕ್ಷ್ಮಜೀವಿಗಳು ಅಲ್ಲಿ ಕೆಲಸ ಶುರುಮಾಡುತ್ತವೆ. ಅವು ಮೀಥೇನ್ ಅನಿಲವನ್ನು ಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಭೂಮಿಯನ್ನು ಬಿಸಿ ಮಾಡುವುದು ಒಂದು ಕಿಲೋ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27ರಿಂದ 28 ಪಟ್ಟು ಹೆಚ್ಚು. ಕಸದ ಗುಡ್ಡಗಳಿಗೆ ಬೆಂಕಿ ಬಿದ್ದು ದಿನಗಟ್ಟಲೆ ಉರಿಯುವುದಕ್ಕೂ ಈ ಅನಿಲ ಒಂದು ಕಾರಣ. ಇತ್ತ ಕೊಳೆತ ರಸ ಬ್ಯಾಟರಿ, ಬಣ್ಣ, ಔಷಧಗಳ ಅಂಶವನ್ನೂ ಕರಗಿಸಿಕೊಂಡು ಕೆಳಗಿಳಿದು ಅಂತರ್ಜಲ ಸೇರುತ್ತದೆ.

ಒಣ ಕಸದ ನಷ್ಟ ಇನ್ನೊಂದು ಬಗೆಯದು. ಕಾಗದವನ್ನು ಮರುಬಳಕೆ ಮಾಡುವಾಗ ಅದನ್ನು ನೀರಿನಲ್ಲಿ ಕಲಸಿ ನಾರು ಬಿಡಿಸುತ್ತಾರೆ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ಅದು ನಾರಿಗೆ ಅಂಟಿಕೊಂಡು ಇಡೀ ಪಾಕವನ್ನು ಕೆಡಿಸುತ್ತದೆ. ಸಾರು ಚೆಲ್ಲಿದ ಪೇಪರ್ ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಬೆಳಗ್ಗೆ ಗುಜರಿ ಅಂಗಡಿಯಲ್ಲಿ ಕಿಲೋಗಿಷ್ಟು ಎಂದು ಬೆಲೆ ಬಾಳುತ್ತಿದ್ದ ರಟ್ಟು, ಸಂಜೆ ಅನ್ನದ ಜೊತೆ ಬೆರೆತರೆ ಬೆಲೆ ಇಲ್ಲದ ಕಸ.

ಬೆರಕೆ ಕಸವನ್ನು ಸುಟ್ಟು ವಿದ್ಯುತ್ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಒದ್ದೆ ಸೌದೆಯಿಂದ ಒಲೆ ಹಚ್ಚಿದವರಿಗೆ ಇದರ ಉತ್ತರ ಗೊತ್ತು. ಮೊದಲು ನೀರು ಆವಿಯಾಗುವುದಕ್ಕೇ ಶಾಖ ಖರ್ಚಾಗುತ್ತದೆ. ಒಂದು ಕಿಲೋಗೆ 1500 ಕಿಲೋಕ್ಯಾಲೊರಿ ಅಥವಾ ಹೆಚ್ಚು ಶಾಖ ಕೊಡುವ, ಮರುಬಳಕೆ ಆಗದ ಕಸವನ್ನು ಭೂಮಿಗೆ ಹಾಕದೆ ಇಂಧನವಾಗಿ ಬಳಸಬೇಕು ಎಂದು 2016ರ ನಿಯಮಗಳು ಹೇಳಿದವು. ಅಷ್ಟು ಶಾಖ ಸಿಗಬೇಕಾದರೂ ಕಸ ಒಣಗಿರಬೇಕು. ಅಂದರೆ ಸುಡುವುದಕ್ಕೂ ಮೊದಲು ಬೇರ್ಪಡಿಸಲೇಬೇಕು.

'ಲಾರಿಯಲ್ಲಿ ಎಲ್ಲ ಬೆರೆಸುತ್ತಾರೆ': ಎಷ್ಟು ನಿಜ?

ಈ ಮಾತು ಪೂರ್ತಿ ಸುಳ್ಳಲ್ಲ. ಕೆಲವು ಬೀದಿಗಳಲ್ಲಿ ಬೇರ್ಪಡಿಸಿ ಕೊಟ್ಟ ಕಸ ಮತ್ತೆ ಒಂದಾಗುವುದನ್ನು ಜನ ಕಣ್ಣಾರೆ ಕಂಡಿದ್ದಾರೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅದರಿಂದ 'ಹಾಗಾದರೆ ಬೇರ್ಪಡಿಸುವುದೇ ದಂಡ' ಎಂಬ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಕಣ್ಣಿಗೆ ಕಂಡದ್ದೆಲ್ಲ ಬೆರಕೆಯಲ್ಲ. ಮನೆ ಬಾಗಿಲಿಗೆ ಬರುವ ಆಟೋ ಟಿಪ್ಪರ್‌ನಲ್ಲಿ ಹಸಿ ಕಸ ಡಬ್ಬಕ್ಕೆ ಬಿದ್ದರೆ, ಒಣ ಕಸದ ಚೀಲಗಳು ಗಾಡಿಯ ಪಕ್ಕದಲ್ಲಿ ನೇತಾಡುತ್ತಿರುತ್ತವೆ ಅಥವಾ ಬೇರೆ ಖಾನೆಯಲ್ಲಿರುತ್ತವೆ. ಒಂದೇ ಗಾಡಿಗೆ ಹತ್ತುವುದೂ ಒಂದೇ ರಾಶಿಗೆ ಸೇರುವುದೂ ಒಂದೇ ಅಲ್ಲ. ನಿಮ್ಮ ಬೀದಿಯಲ್ಲಿ ಏನಾಗುತ್ತಿದೆ ಎಂದು ತಿಳಿಯಬೇಕಾದರೆ ಗಾಡಿಯ ಒಳಗೊಮ್ಮೆ ಇಣುಕಿ ನೋಡುವುದು ಒಳ್ಳೆಯದು.

ಎರಡನೆಯದು, ಗಾಡಿಯಲ್ಲಿ ಬೆರೆಯದಂತೆ ಮಾಡುವುದು ಆಡಳಿತದ ಕೆಲಸ, ಅದನ್ನು ಸರಿಪಡಿಸಬಹುದು. ಮನೆಯಲ್ಲೇ ಬೆರೆತದ್ದನ್ನು ಯಾವ ಆಡಳಿತವೂ ಸರಿಪಡಿಸಲಾರದು. ಮೊಸರನ್ನದಲ್ಲಿ ಅದ್ದಿದ ಪೇಪರನ್ನು ಮತ್ತೆ ಪೇಪರ್ ಮಾಡುವ ಯಂತ್ರ ಇಲ್ಲ. ಬೇರ್ಪಡಿಸದೆ ಕೊಡುವ ಮನೆಗಳು ಹೆಚ್ಚಾದಷ್ಟೂ ಗಾಡಿಯವರಿಗೆ ಬೆರೆಸದೆ ಬೇರೆ ದಾರಿ ಇರುವುದಿಲ್ಲ. ಹತ್ತು ಮನೆಯಲ್ಲಿ ಆರು ಮನೆಯವರು ಬೆರಕೆ ಕೊಟ್ಟರೆ, ಉಳಿದ ನಾಲ್ಕು ಮನೆಯದನ್ನು ಇಡಲು ಪ್ರತ್ಯೇಕ ಗಾಡಿ ತರಲು ಅವರಿಗಾಗುವುದಿಲ್ಲ.

ಮೂರನೆಯದು, ಒಣ ಕಸ ಕೊಳೆಯುವುದಿಲ್ಲ. ಇದು ಬಹಳ ಜನ ಗಮನಿಸದ ಅನುಕೂಲ. ಹಸಿ ಕಸವನ್ನು ದಿನವೂ ಕೊಡಬೇಕು, ಒಣ ಕಸವನ್ನು ವಾರಗಟ್ಟಲೆ ಮನೆಯಲ್ಲೇ ಇಟ್ಟುಕೊಳ್ಳಬಹುದು. ಆದ್ದರಿಂದಲೇ ಬೆಂಗಳೂರಿನಲ್ಲಿ ಒಣ ಕಸವನ್ನು ನಿಗದಿತ ದಿನಗಳಲ್ಲಿ ಮಾತ್ರ ಪಡೆಯುವ ಪದ್ಧತಿ ಬಂತು. ಗಾಡಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಚೀಲ ತುಂಬಿದ ಮೇಲೆ ವಾರ್ಡಿನ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ನೀವೇ ಕೊಡಬಹುದು, ಇಲ್ಲವೇ ಗುಜರಿಯವರಿಗೆ ಮಾರಬಹುದು. ಆ ಕಸ ಲಾರಿ ಹತ್ತುವ ಪ್ರಮೇಯವೇ ಬರುವುದಿಲ್ಲ.

ಯಂತ್ರ ಅಲ್ಲ, ಕೈ

'ಕೊನೆಗೆ ಯಂತ್ರ ಬೇರ್ಪಡಿಸುತ್ತದೆ' ಎಂಬ ನಂಬಿಕೆಗೆ ಬರೋಣ. ನಮ್ಮಲ್ಲಿ ಒಣ ಕಸವನ್ನು ಬೇರ್ಪಡಿಸುವುದು ಬಹುಪಾಲು ಮನುಷ್ಯರ ಕೈ. ಪೌರಕಾರ್ಮಿಕರು, ಚಿಂದಿ ಆಯುವವರು, ಗುಜರಿ ಅಂಗಡಿಯಲ್ಲಿ ಕೂತು ಬಾಟಲಿ ಮುಚ್ಚಳ ಕೀಳುವ ಹೆಂಗಸರು. 2011ರಲ್ಲಿ ಬಿಬಿಎಂಪಿ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡಲು ಆರಂಭಿಸಿತು. ಬಳಿಕ ಹಲವು ವಾರ್ಡ್‌ಗಳ ಒಣ ಕಸದ ಕೇಂದ್ರಗಳನ್ನು ಅವರೇ ನಡೆಸತೊಡಗಿದರು. 'ಹಸಿರು ದಳ'ದಂಥ ಸಂಸ್ಥೆಗಳು ಅವರ ಜೊತೆ ನಿಂತವು.

ಮನೆಯಿಂದ ಹೊರಟ ಬಾಟಲಿಯ ದಾರಿ ಹೀಗಿರುತ್ತದೆ: ಆಯುವವರು, ಸಣ್ಣ ಗುಜರಿ ಅಂಗಡಿ, ಜಾಲಿ ಮೊಹಲ್ಲಾದಂಥ ಕಡೆಯ ಸಗಟು ವ್ಯಾಪಾರಿ, ಮೈಸೂರು ರಸ್ತೆಯ ನಾಯಂಡಹಳ್ಳಿಯಂಥ ಕಡೆ ಪ್ಲಾಸ್ಟಿಕ್ ತೊಳೆದು ಪುಡಿ ಮಾಡುವ ಘಟಕ, ಅಲ್ಲಿಂದ ಕಾರ್ಖಾನೆ. ಇಲ್ಲಿ ಪ್ಲಾಸ್ಟಿಕ್ಕಿನ ಜಾತಿ ಗುರುತಿಸುವುದು ಅನುಭವದಿಂದ: ಮುಟ್ಟಿ, ಬಗ್ಗಿಸಿ, ಶಬ್ದ ಕೇಳಿ, ನೀರಿಗೆ ಹಾಕಿ. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತವೆ. ನೀರಿನ ಬಾಟಲಿ ಮಾಡುವ ಪೆಟ್ ಮತ್ತು ಪೈಪು ಮಾಡುವ ಪಿವಿಸಿ ಮುಳುಗುತ್ತವೆ. ಕಷ್ಟ ಇರುವುದು ಇಲ್ಲಿಯೇ. ಪೆಟ್ ಕರಗಲು 250 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ಅಷ್ಟರೊಳಗೆ ಪಿವಿಸಿ ಒಡೆದು ಆಮ್ಲದ ಹೊಗೆ ಬಿಡುತ್ತದೆ. ಸ್ವಲ್ಪ ಪಿವಿಸಿ ಸೇರಿದರೂ ಸಾಕು, ಇಡೀ ಪೆಟ್ ಹಳದಿಯಾಗಿ ಕೆಡುತ್ತದೆ.

ಬಳಸಿದ ಡೈಪರ್, ಒಡೆದ ಗಾಜು, ಸೂಜಿ ಇರುವ ಬೆರಕೆ ಚೀಲವನ್ನು ಬಿಚ್ಚುವುದೂ ಇದೇ ಕೈಗಳು. ಕೆಂಪು ಡಬ್ಬಿ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕಲಬೆರಕೆಯ ಸಮಸ್ಯೆ ನಮ್ಮದು ಮಾತ್ರ ಅಲ್ಲ. ಹಲವು ಶ್ರೀಮಂತ ದೇಶಗಳು ತಮ್ಮ 'ಮರುಬಳಕೆ' ಕಸವನ್ನು ವರ್ಷಗಟ್ಟಲೆ ಹಡಗಿನಲ್ಲಿ ಚೀನಾಕ್ಕೆ ಕಳಿಸುತ್ತಿದ್ದವು. 2018ರಲ್ಲಿ ಚೀನಾ ಬಗೆಬಗೆಯ ಪ್ಲಾಸ್ಟಿಕ್ ಕಸ ಮತ್ತು ವಿಂಗಡಿಸದ ಕಾಗದದ ಆಮದನ್ನು ನಿಷೇಧಿಸಿ, ಉಳಿದವುಗಳಲ್ಲಿ ಹಲವಕ್ಕೆ ಕಲಬೆರಕೆಯ ಮಿತಿಯನ್ನು ಶೇ 0.5ಕ್ಕೆ ಇಳಿಸಿತು. ಅದರೊಂದಿಗೆ ಅಮೆರಿಕದ ಎಷ್ಟೋ ಊರುಗಳಲ್ಲಿ ಜನ ನೀಲಿ ಡಬ್ಬಿಗೆ ಹಾಕುತ್ತಿದ್ದ ವಸ್ತುಗಳಿಗೆ ಕೊಳ್ಳುವವರೇ ಇಲ್ಲವಾದರು.

ಯಾವುದು ಎಲ್ಲಿಗೆ?

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ದೇಶದ ಬಹಳಷ್ಟು ಊರುಗಳಲ್ಲಿ ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಡಬ್ಬಿ. ಬೆಂಗಳೂರಿನಲ್ಲಿ ಒಣ ಕಸಕ್ಕೆ ಚೀಲ, ಕೆಂಪು ಡಬ್ಬಿ ನೈರ್ಮಲ್ಯ ಕಸಕ್ಕೆ. ಊರು ಬದಲಾದಾಗ ಬಣ್ಣವೂ ದಿನವೂ ಬದಲಾಗುತ್ತದೆ. ಬೆಂಗಳೂರಿನ ರೂಢಿಯ ಪ್ರಕಾರ ವಿಂಗಡಣೆ ಹೀಗೆ:

ಹಸಿರು ಡಬ್ಬಿಗೆ: ಅಡುಗೆಮನೆಯ ಎಲ್ಲ ಕೊಳೆಯುವ ಕಸ, ಮಾಂಸ, ಮೂಳೆ, ಊಟದ ಬಾಳೆಲೆ, ದೇವರ ಮನೆಯ ಹೂವು, ಅನ್ನ ಒರೆಸಿದ ಟಿಶ್ಯೂ. ಡಬ್ಬಿಯೊಳಗೆ ಪ್ಲಾಸ್ಟಿಕ್ ಕವರ್ ಹಾಕಬಾರದು. ಬೇಕಾದರೆ ತಳಕ್ಕೆ ಹಳೆ ಪೇಪರ್ ಹಾಸಿ. ಹೂವಿನ ಹಾರದ ಪ್ಲಾಸ್ಟಿಕ್ ದಾರ, ಜರಿ, ಪಿನ್ನು ಮೊದಲೇ ತೆಗೆಯಿರಿ.

ಒಣ ಕಸದ ಚೀಲಕ್ಕೆ: ಕಾಗದ, ರಟ್ಟು, ಎಲ್ಲ ಬಗೆಯ ಪ್ಲಾಸ್ಟಿಕ್, ಗಾಜಿನ ಬಾಟಲಿ, ಲೋಹ, ಜ್ಯೂಸಿನ ರಟ್ಟಿನ ಪೆಟ್ಟಿಗೆ, ಥರ್ಮೋಕೋಲ್, ಹರಿದ ಚಪ್ಪಲಿ. ಚಿಪ್ಸ್ ಪೊಟ್ಟಣವೂ ಇಲ್ಲಿಗೇ. ಅದಕ್ಕೆ ಗುಜರಿಯಲ್ಲಿ ಬೆಲೆ ಸಿಗದಿರಬಹುದು, ಆದರೆ ಒಣಗಿದ್ದರೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಇಂಧನವಾಗಿಯಾದರೂ ಹೋಗುತ್ತದೆ.

ಕೆಂಪು ಡಬ್ಬಿಗೆ: ಸ್ಯಾನಿಟರಿ ಪ್ಯಾಡ್, ಡೈಪರ್, ಬ್ಯಾಂಡೇಜ್, ರಕ್ತ ಒರೆಸಿದ ಹತ್ತಿ, ಕಾಂಡೋಮ್, ಕತ್ತರಿಸಿದ ಕೂದಲು, ಮನೆ ಗುಡಿಸಿದ ಧೂಳು. ಪ್ಯಾಡ್ ಮತ್ತು ಡೈಪರನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಬಣ್ಣದಲ್ಲಿ ಅಡ್ಡಗೆರೆ ಹಾಕುವುದು ಬೆಂಗಳೂರಿನ ಒಳ್ಳೆಯ ರೂಢಿ. ಆ ಗುರುತು ನೋಡಿದವರು ಅದನ್ನು ಬಿಚ್ಚುವುದಿಲ್ಲ.

ಇವ್ಯಾವುದಕ್ಕೂ ಸೇರದವು ಕೆಲವಿವೆ. ಟ್ಯೂಬ್‌ಲೈಟ್ ಮತ್ತು ಸಿಎಫ್‌ಎಲ್ ಬಲ್ಬಿನಲ್ಲಿ ಪಾದರಸ ಇರುತ್ತದೆ, ಒಡೆಯದಂತೆ ಪ್ರತ್ಯೇಕವಾಗಿ ಕೊಡಬೇಕು. ಹಳೆ ಮೊಬೈಲ್, ಪವರ್ ಬ್ಯಾಂಕುಗಳ ಲಿಥಿಯಂ ಬ್ಯಾಟರಿ ಗಾಡಿಯಲ್ಲಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. ಇವನ್ನೂ ಹಳೆ ಚಾರ್ಜರ್, ಔಷಧ, ಬಣ್ಣದ ಡಬ್ಬಗಳನ್ನೂ ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟು ಇ-ತ್ಯಾಜ್ಯ ಮತ್ತು ಅಪಾಯಕಾರಿ ಕಸ ಪಡೆಯುವ ಕಡೆ ಕೊಡಿ. ಒಡೆದ ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ 'ಗಾಜು' ಎಂದು ಬರೆಯಿರಿ. ಎಳನೀರಿನ ಬುರುಡೆ, ತೋಟದ ರೆಂಬೆ, ಮನೆ ರಿಪೇರಿಯ ಇಟ್ಟಿಗೆ ಚೂರು ದಿನದ ಗಾಡಿಗೆ ಹಾಕುವಂಥವಲ್ಲ.

ತ್ರಿಕೋನ ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಬಾಣಗಳ ತ್ರಿಕೋನ, ಅದರೊಳಗೆ 1ರಿಂದ 7ರವರೆಗಿನ ಯಾವುದೋ ಅಂಕಿ ಇರುತ್ತದೆ. ಇದನ್ನು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮಗಳ ಸಂಘ ಜಾರಿಗೆ ತಂದಿತು. ಅದರ ಉದ್ದೇಶ ಒಂದೇ: ಈ ವಸ್ತು ಯಾವ ಬಗೆಯ ಪ್ಲಾಸ್ಟಿಕ್ ಎಂದು ತಿಳಿಸುವುದು. 1 ಎಂದರೆ ಪೆಟ್, 2 ಗಟ್ಟಿ ಪಾಲಿಥೀನ್, 3 ಪಿವಿಸಿ, 4 ಮೆತ್ತನೆಯ ಪಾಲಿಥೀನ್, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, ಅಂದರೆ ಥರ್ಮೋಕೋಲ್ ಜಾತಿಯದು, 7 ಇತರೆ.

'ಇದು ಮರುಬಳಕೆ ಆಗುತ್ತದೆ' ಎಂದು ಆ ಗುರುತು ಎಲ್ಲೂ ಹೇಳುವುದಿಲ್ಲ. ಆದರೆ ಬಾಣಗಳ ತ್ರಿಕೋನ ಮರುಬಳಕೆಯ ಚಿಹ್ನೆಯೂ ಆದ್ದರಿಂದ ಜನ ಹಾಗೆಯೇ ಓದಿಕೊಂಡರು. ಈ ಗೊಂದಲ ಎಷ್ಟಾಯಿತೆಂದರೆ, 2013ರಲ್ಲಿ ಆ ಗುರುತಿನ ಮಾನದಂಡದಿಂದ ಬಾಣಗಳನ್ನು ತೆಗೆದು ಬರಿಯ ತ್ರಿಕೋನ ಇಡಲಾಯಿತು. ಹಳೆಯ ಅಚ್ಚುಗಳಿಂದ ಬರುವ ಡಬ್ಬಿಗಳಲ್ಲಿ ಬಾಣ ಇನ್ನೂ ಕಾಣುತ್ತದೆ.

ಒಂದು ವಸ್ತು ಮರುಬಳಕೆ ಆಗುವುದು ಅದರ ರಸಾಯನದಿಂದ ಮಾತ್ರ ತೀರ್ಮಾನ ಆಗುವುದಿಲ್ಲ. ಅದು ಸಾಕಷ್ಟು ಪ್ರಮಾಣದಲ್ಲಿ, ಶುಚಿಯಾಗಿ ಸಿಗಬೇಕು. ಹತ್ತಿರದಲ್ಲಿ ಕೊಳ್ಳುವವರಿರಬೇಕು. ಸಾಗಿಸುವ ಖರ್ಚಿಗಿಂತ ಬೆಲೆ ಹೆಚ್ಚಿರಬೇಕು. ಥರ್ಮೋಕೋಲನ್ನು ಕರಗಿಸಿ ಮತ್ತೆ ಬಳಸಲು ತಾಂತ್ರಿಕವಾಗಿ ಸಾಧ್ಯ. ಆದರೆ ಅದರಲ್ಲಿ ಬಹುಪಾಲು ಗಾಳಿ, ಲಾರಿ ತುಂಬಿದರೂ ತೂಕ ಬರುವುದಿಲ್ಲ. ಚಿಪ್ಸ್ ಪೊಟ್ಟಣದಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಪದರಗಳು, ನಡುವೆ ತೆಳುವಾದ ಅಲ್ಯೂಮಿನಿಯಂ, ಎಲ್ಲ ಅಂಟಿಕೊಂಡಿವೆ. ಬಿಡಿಸುವುದು ಕಷ್ಟ. ಇದಕ್ಕೆ ವಿರುದ್ಧವಾಗಿ ಅಲ್ಯೂಮಿನಿಯಂ ಡಬ್ಬಿಯನ್ನು ನೋಡಿ. ಅದಿರಿನಿಂದ ಹೊಸದಾಗಿ ಮಾಡಲು ಬೇಕಾಗುವ ಶಕ್ತಿಯ ಸುಮಾರು ಶೇ 5ರಷ್ಟರಲ್ಲಿ ಹಳೆಯದನ್ನು ಕರಗಿಸಬಹುದು. ಹಾಗಾಗಿ ಅದು ಬೀದಿಯಲ್ಲಿ ಬಿದ್ದಿರುವುದು ಅಪರೂಪ, ಯಾರಾದರೂ ಎತ್ತಿಕೊಂಡಿರುತ್ತಾರೆ.

ಕಾಗದಕ್ಕೂ ಮಿತಿ ಇದೆ. ಪ್ರತಿ ಸಲ ಮರುಬಳಕೆ ಆದಾಗ ನಾರು ಗಿಡ್ಡವಾಗುತ್ತದೆ, ಸುಮಾರು ಐದರಿಂದ ಏಳು ಸಲದ ಬಳಿಕ ಕಾಗದ ಕಟ್ಟುವ ಶಕ್ತಿ ಉಳಿಯುವುದಿಲ್ಲ. ಪೇಪರ್ ಕಪ್ಪಿನ ಒಳಮೈಗೆ ಪ್ಲಾಸ್ಟಿಕ್ ಲೇಪ ಇರುತ್ತದೆ. ನಯವಾದ ಅಂಗಡಿ ಬಿಲ್ಲು ಮತ್ತು ಎಟಿಎಂ ಚೀಟಿಗೆ ಬಿಸಿ ತಾಗಿದರೆ ಕಪ್ಪಾಗುವ ರಾಸಾಯನಿಕ ಬಳಿದಿರುತ್ತಾರೆ. ಅವನ್ನು ಒಳ್ಳೆಯ ಪೇಪರಿನ ಕಟ್ಟಿಗೆ ಸೇರಿಸದಿರುವುದೇ ಮೇಲು.

'ಕಾಂಪೋಸ್ಟಬಲ್' ಚೀಲದ ಮಾತು

ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಸ್ಟ್ರಾ, ಪ್ಲಾಸ್ಟಿಕ್ ಚಮಚ, ತಟ್ಟೆಗಳಂಥ ಒಮ್ಮೆ ಬಳಸಿ ಎಸೆಯುವ ವಸ್ತುಗಳನ್ನು ನಿಷೇಧಿಸಿತು. ಅದರ ಜಾಗಕ್ಕೆ ಈಗ ಹಸಿರು ಅಕ್ಷರದ 'ಕಾಂಪೋಸ್ಟಬಲ್' ಚೀಲಗಳು ಬಂದಿವೆ.

ಈ ಪದಕ್ಕೆ ನಿಖರವಾದ ಅರ್ಥವಿದೆ. ಸುಮಾರು 58 ಡಿಗ್ರಿ ಬಿಸಿ, ತೇವ, ಗಾಳಿ ಇರುವ ಗೊಬ್ಬರದ ಘಟಕದ ಸ್ಥಿತಿಯಲ್ಲಿ ಆರು ತಿಂಗಳೊಳಗೆ ಬಹುತೇಕ ಪೂರ್ತಿ ಕರಗಬೇಕು ಎಂಬುದು ಪರೀಕ್ಷೆಯ ಮಾನದಂಡ. ರಸ್ತೆ ಬದಿಯಲ್ಲಿ, ಚರಂಡಿಯಲ್ಲಿ, ಕೆರೆಯಲ್ಲಿ ಆ ಬಿಸಿ ಇರುವುದಿಲ್ಲ. ಬಾಲ್ಕನಿಯ ಗೊಬ್ಬರದ ಕುಂಡದಲ್ಲೂ ಅಷ್ಟು ಬಿಸಿ ಹೆಚ್ಚು ದಿನ ನಿಲ್ಲುವುದಿಲ್ಲ. ಅಲ್ಲೆಲ್ಲ ಈ ಚೀಲ ಬಹುಕಾಲ ಚೀಲವಾಗಿಯೇ ಉಳಿಯುತ್ತದೆ. ಒಣ ಕಸಕ್ಕೆ ಸೇರಿ ಸಾಮಾನ್ಯ ಪ್ಲಾಸ್ಟಿಕ್ ಜೊತೆ ಕರಗಿದರೆ ಅದನ್ನೂ ಕೆಡಿಸುತ್ತದೆ. ಬಟ್ಟೆ ಚೀಲಕ್ಕೆ ಇಂಥ ಯಾವ ತಂಟೆಯೂ ಇಲ್ಲ.

ತೊಳೆದರೆ ನೀರು ದಂಡ ಅಲ್ಲವೇ?

ನೀರಿನ ಕೊರತೆ ಇರುವ ಊರಿನಲ್ಲಿ ಇದು ಸರಿಯಾದ ಪ್ರಶ್ನೆ. ಪ್ಲಾಸ್ಟಿಕ್ ಡಬ್ಬಿಯನ್ನು ಸೋಪು ಹಾಕಿ ಉಜ್ಜಿ ಹೊಳೆಯುವಂತೆ ಮಾಡಬೇಕಿಲ್ಲ. ಅನ್ನ, ಮೊಸರು, ಎಣ್ಣೆ ಉಳಿಯಬಾರದು ಅಷ್ಟೆ. ಅಕ್ಕಿ, ತರಕಾರಿ ತೊಳೆದ ನೀರು ಅಥವಾ ಪಾತ್ರೆ ಗಲಬರಿಸಿದ ಕೊನೆಯ ನೀರು ಸಾಕು. ಅದರಲ್ಲೊಮ್ಮೆ ಅಲ್ಲಾಡಿಸಿ, ಬೋರಲು ಹಾಕಿ ಒಣಗಿಸಿ. ಒಣಗಿಸುವುದು ತೊಳೆಯುವಷ್ಟೇ ಮುಖ್ಯ, ಒಂದು ಒದ್ದೆ ಡಬ್ಬಿ ಚೀಲದ ಪೇಪರನ್ನೆಲ್ಲ ಕೆಡಿಸುತ್ತದೆ.

ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ತುಂಡರಿಸದೆ ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಬಿಡಿ. ಪ್ಯಾಕೆಟ್ಟನ್ನು ಆಯುತ್ತಾರೆ, ಉಗುರಿನಷ್ಟು ಚೂರನ್ನು ಯಾರೂ ಆಯುವುದಿಲ್ಲ. ಅದು ಹಸಿ ಕಸದ ಜೊತೆ ಗೊಬ್ಬರಕ್ಕೆ, ಅಲ್ಲಿಂದ ಹೊಲಕ್ಕೆ ಹೋಗುತ್ತದೆ. ಗಾಜಿನ ಮತ್ತು ಪ್ಲಾಸ್ಟಿಕ್ಕಿನ ಚೂರು ತುಂಬಿದ ಗೊಬ್ಬರವನ್ನು ಯಾವ ರೈತನೂ ಎರಡನೇ ಸಲ ಕೊಳ್ಳುವುದಿಲ್ಲ.

ಅಂಗಡಿ, ಹೋಟೆಲ್, ಛತ್ರ: ಇವರ ನಿಯಮ ಬೇರೆಯೇ?

ಮೂಲ ನಿಯಮ ಒಂದೇ, ಬೇರ್ಪಡಿಸಬೇಕು. ಆದರೆ ಜವಾಬ್ದಾರಿ ಹೆಚ್ಚು. 2016ರ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಮಾಡುವವರನ್ನು 'ಸಗಟು ತ್ಯಾಜ್ಯ ಉತ್ಪಾದಕರು' ಎಂದು ಗುರುತಿಸಿದವು. ದೊಡ್ಡ ಅಪಾರ್ಟ್‌ಮೆಂಟ್, ಆಸ್ಪತ್ರೆ, ಹಾಸ್ಟೆಲ್, ಮಾರುಕಟ್ಟೆ, ಕಲ್ಯಾಣ ಮಂಟಪ ಇದರಲ್ಲಿ ಬರಬಹುದು. ಇವರು ಹಸಿ ಕಸವನ್ನು ಆದಷ್ಟು ತಮ್ಮ ಆವರಣದಲ್ಲೇ ಗೊಬ್ಬರ ಅಥವಾ ಅನಿಲ ಮಾಡಬೇಕು. ಒಣ ಕಸವನ್ನು ಅಧಿಕೃತ ಆಯುವವರಿಗೆ ಅಥವಾ ಮರುಬಳಕೆದಾರರಿಗೆ ಕೊಡಬೇಕು.

ಕಾರ್ಯಕ್ರಮಗಳಿಗೂ ನಿಯಮ ಇದೆ ಎಂಬುದು ಹಲವರಿಗೆ ತಿಳಿಯದು. ಪರವಾನಗಿ ಇರುವ ಸಭಾಂಗಣ ಅಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಮಾಡಿದರೆ ಕನಿಷ್ಠ ಮೂರು ಕೆಲಸದ ದಿನ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಅಲ್ಲಿನ ಕಸವನ್ನು ವಿಂಗಡಿಸಿ ಕೊಡಬೇಕು. ಬೀದಿಗೆ ಶಾಮಿಯಾನ ಹಾಕಿ ಮಾಡುವ ಊಟದ ಕಾರ್ಯಕ್ರಮಕ್ಕೂ ಇದು ಅನ್ವಯಿಸುತ್ತದೆ. ತಳ್ಳುಗಾಡಿಯವರು ಕೂಡ ತಮ್ಮ ಕಸಕ್ಕೆ ಡಬ್ಬಿ ಇಟ್ಟುಕೊಳ್ಳಬೇಕು.

ವ್ಯಾಪಾರದವರಿಗೆ ಒಂದು ಅನುಕೂಲವೂ ಇದೆ. ಮನೆಯಲ್ಲಿ ಬಗೆಬಗೆಯ ಕಸ ಸ್ವಲ್ಪಸ್ವಲ್ಪ ಬರುತ್ತದೆ, ಅಂಗಡಿಯಲ್ಲಿ ಒಂದೇ ಬಗೆಯದು ರಾಶಿಯಾಗಿ ಬರುತ್ತದೆ. ದಿನಸಿ ಅಂಗಡಿಯ ರಟ್ಟು, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಹಾಳೆ, ದರ್ಶಿನಿಯ ತರಕಾರಿ ಸಿಪ್ಪೆ. ಒಂದೇ ಬಗೆಯ, ಶುಚಿಯಾದ, ಹೆಚ್ಚು ಪ್ರಮಾಣದ ಕಸಕ್ಕೆ ಕೊಳ್ಳುವವರು ಬೇಗ ಸಿಗುತ್ತಾರೆ. ಹಿಂಬದಿಯ ಮೂಲೆಯಲ್ಲಿ ಎರಡು ಡಬ್ಬಿ ಇಟ್ಟು, ಕೆಲಸದ ಹುಡುಗರಿಗೆ ಅವರ ಭಾಷೆಯಲ್ಲೇ, ಚಿತ್ರದ ಮೂಲಕ ತೋರಿಸಿ ಹೇಳಿದರೆ ಅರ್ಧ ಕೆಲಸ ಆದಂತೆ.

ಯಾರೇ ಆಗಲಿ, ಕಸ ಸುಡುವುದು ಮಾತ್ರ ಕೂಡದು. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಬಯಲಿನಲ್ಲಿ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ದೇಹದ ಕೊಬ್ಬಿನಲ್ಲಿ ಸೇರಿ ವರ್ಷಗಟ್ಟಲೆ ಉಳಿಯುತ್ತದೆ. ಕಸವನ್ನು ಬಯಲಿನಲ್ಲಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಅದು ಬಂದದ್ದು ಅಲ್ಮಿತ್ರಾ ಪಟೇಲ್ ಅವರ ಅದೇ ಪ್ರಕರಣದಲ್ಲಿ.

ಒಟ್ಟಿನಲ್ಲಿ

ಮೊದಲಿನ ನಂಬಿಕೆಗಳನ್ನು ಈಗ ಹೀಗೆ ತಿದ್ದಿಕೊಳ್ಳಬಹುದು. ಗಾಡಿಯಲ್ಲಿ ಕೆಲವೊಮ್ಮೆ ಬೆರೆಸುವುದು ನಿಜ, ಆದರೆ ಮನೆಯಲ್ಲಿ ಬೆರೆತದ್ದು ಮಾತ್ರ ಎಂದಿಗೂ ಬೇರೆಯಾಗದು. ತ್ರಿಕೋನ ಪ್ಲಾಸ್ಟಿಕ್ಕಿನ ಜಾತಿಯನ್ನು ಹೇಳುತ್ತದೆ, ಅದರ ಹಣೆಬರಹವನ್ನಲ್ಲ. ಪೇಪರ್ ಒಳ್ಳೆಯದು, ಒಣಗಿದ್ದರೆ. ಕಾಂಪೋಸ್ಟಬಲ್ ಚೀಲ ಗೊಬ್ಬರದ ಘಟಕದಲ್ಲಿ ಮಾತ್ರ ಮಣ್ಣಾಗುತ್ತದೆ. ಯಂತ್ರದ ಜಾಗದಲ್ಲಿ ಕೂತಿರುವುದು ಮನುಷ್ಯರು.

ವಿಂಗಡಣೆ ಒಂದರಿಂದಲೇ ಕಸದ ಸಮಸ್ಯೆ ಮುಗಿಯುವುದಿಲ್ಲ. ಮರುಬಳಕೆ ಆಗದ ಪೊಟ್ಟಣ ತಯಾರಿಸುವ ಕಂಪನಿಗಳು, ಗಾಡಿ ಮತ್ತು ಘಟಕಗಳನ್ನು ನಡೆಸುವ ಆಡಳಿತ ತಮ್ಮ ಪಾಲಿನ ಕೆಲಸ ಮಾಡಬೇಕು, ಮಾಡದಿದ್ದರೆ ಕೇಳುವುದು ನಮ್ಮ ಹಕ್ಕು. ಬೇರ್ಪಡಿಸಿ ಕೊಡುವವರು ಕೇಳಿದಾಗ ಆ ಪ್ರಶ್ನೆಗೆ ಬಲ ಹೆಚ್ಚು. ಕೈಯಲ್ಲಿರುವ ವಸ್ತು ಯಾವ ಡಬ್ಬಿಗೆ ಎಂದು ಗೊತ್ತಾಗದಿದ್ದಾಗ ಹೀಗೆ ಕೇಳಿಕೊಳ್ಳಿ: ಇದನ್ನು ಮುಂದೆ ಯಾರು ಮುಟ್ಟುತ್ತಾರೆ, ಅವರ ಕೈಗೆ ಇದು ಯಾವ ಸ್ಥಿತಿಯಲ್ಲಿ ಸೇರಬೇಕು? ಬಹಳಷ್ಟು ಸಲ ಉತ್ತರ ತಾನಾಗಿಯೇ ಹೊಳೆಯುತ್ತದೆ. ಹೊಳೆಯದಿದ್ದರೆ ನಾಳೆ ಬೆಳಗ್ಗೆ ಗಾಡಿಯ ಜೊತೆ ಬರುವವರನ್ನೇ ಕೇಳಿ. ಈ ವಿಷಯದಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಇಲ್ಲ.